ಗೇಣುದ್ದದ ತಂತಿ

ಕಾಂಡುಲೋಮ್ ದ್ವೀಪ
ಜೂನ್ 9, 1964

ಪ್ರೀತಿಯ ಒನೊಫ್ರೆ ಅಣ್ಣನಿಗೆ,

ನಾಲ್ಕು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಯಾರೋ ಸತ್ತಿರಬೇಕು ಅಂದುಕೊಂಡೇ ಲಕೋಟೆ ಒಡೆದಿರುತ್ತೀಯ. ಯಾರೂ ಸತ್ತಿಲ್ಲ. ನಾನು ಮತ್ತೆ ಬಸುರಿ. ನಾಲ್ಕು ತಿಂಗಳಾಯಿತು.

ಮೊದಲನೆಯದು ಎಂಟು ತಿಂಗಳಿಗೇ ಹುಟ್ಟಿ ಉಳಿಯಲಿಲ್ಲ, ಅದು ನಿನಗೆ ಗೊತ್ತು. ಎರಡನೆಯದು ಗೊತ್ತಿಲ್ಲ. ಬರೆಯೋಣವೆಂದು ಎಷ್ಟೋ ಸಲ ಕೂತೆ, ಆಗಲಿಲ್ಲ. ಎರಡು ವರ್ಷದ ಹಿಂದೆ, ಏಳೂವರೆ ತಿಂಗಳಿಗೆ ನೋವು ಬಂತು. ತೆಯೋದುಲೋ ಹಾಯಿ ಕಟ್ಟಿದ, ಗಂಡ ಹೆಂಡತಿ ಇಬ್ಬರೇ ಗಿವಾನ್ ಆಸ್ಪತ್ರೆಗೆ ಹೊರಟೆವು. ನಡುಗಡಲಲ್ಲಿ ಗಾಳಿ ಪೂರ್ತಿ ನಿಂತುಹೋಯಿತು. ಅಂಗೈ ಸುಲಿಯುವವರೆಗೆ ಹುಟ್ಟು ಹಾಕಿದ. ಮಗು ದೋಣಿಯಲ್ಲೇ ಹುಟ್ಟಿತು. ಸ್ವಲ್ಪ ಹೊತ್ತು ಅತ್ತಿತು. ಗಿವಾನ್ ಪೇಟೆಯ ಚರ್ಚಿನ ಗೋಪುರ ಕಾಣುವಷ್ಟರಲ್ಲಿ ಸುಮ್ಮನಾಯಿತು.

ಹೋದ ವಾರ ಪೇಟೆಯ ಡಾಕ್ಟರು ಮುಟ್ಟಿ ನೋಡಿ ಹೇಳಿದರು: "ಈ ಸಲ ನೋವು ಬಂದ ಮೂರು ಗಂಟೆ ಒಳಗೆ ನೀನು ಇಲ್ಲಿರಬೇಕಮ್ಮ. ತಡ ಆದ್ರೆ ಮಗು ಅಷ್ಟೇ ಅಲ್ಲ, ನೀನೂ ಉಳಿಯಲ್ಲ." ನಮ್ಮ ಹಾಯಿ ದೋಣಿಗೆ ಒಳ್ಳೆಯ ಗಾಳಿ ಇದ್ದರೂ ಐದು ಗಂಟೆ ಬೇಕು.

ಅದಕ್ಕೇ ದೋಣಿಗೆ ಕೂರಿಸೋಣವೆಂದು ಅಪ್ಪನ ಎಂಜಿನ್ ಹೊರಗೆ ತೆಗೆದಿದ್ದೇವೆ. ಅಮೆರಿಕದ ನೌಕಾಪಡೆಯವರು ಗಿವಾನ್ ಬಿಟ್ಟು ಹೋಗುವಾಗ ರಾಶಿ ಹಾಕಿದ್ದ ಸಾಮಾನಿನಲ್ಲಿ ಅಪ್ಪ ಆರಿಸಿ ತಂದದ್ದು, ಅವರ ಕ್ಯಾಂಪಿಗೆ ದೀಪ ಉರಿಸುತ್ತಿದ್ದದ್ದು. "ಬ್ಯಾಟರಿ ಗೀಟರಿ ಏನೂ ಬೇಡ ಕಣ್ರೋ, ತಿರುಗಿದ್ರೆ ಸಾಕು, ಮ್ಯಾಗ್ನೆಟೊ ತಾನೇ ಕಿಡಿ ಹುಟ್ಟಿಸ್ಕೊಳ್ಳತ್ತೆ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದನಲ್ಲ. ಹದಿನೈದು ವರ್ಷದಿಂದ ಮನೆಯ ಕೆಳಗೆ, ಕೊಬ್ಬರಿ ಚೀಲಗಳ ಹಿಂದೆ ಬಿದ್ದಿತ್ತು. ಸೌದೆ ತರಲು ಹೋದಾಗ ನಾನು ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಮೊನ್ನೆ ನಾಲ್ಕು ಗಂಡಸರು ಎತ್ತಿ ಬೆಳಕಿಗೆ ಇಟ್ಟರು. ಹಸಿರು ಬಣ್ಣ ಅಲ್ಲಲ್ಲಿ ಉಳಿದಿದೆ. ಬಿಳಿ ಅಕ್ಷರದ ನಂಬರೂ ಇದೆ.

ತೆಯೋದುಲೋಗೆ ಮೀನು ಗೊತ್ತು, ಮರ ಗೊತ್ತು, ಎಂಜಿನ್ ಗೊತ್ತಿಲ್ಲ. ನೀನು ಸೆಬುವಿನ ವರ್ಕ್‌ಶಾಪಿನಲ್ಲಿ ದಿನಾ ಎಂಜಿನ್ ರಿಪೇರಿಯನ್ನೇ ಮಾಡುತ್ತೀಯ. ಬಂದು ಒಂದು ವಾರ ಇದ್ದು ಎಬ್ಬಿಸಿಕೊಡು ಅಣ್ಣಾ. ಬರಲಾಗದಿದ್ದರೆ ಬರೆದಾದರೂ ಹೇಳು. ನನಗೆ ತುಂಬಾ ಹೆದರಿಕೆ ಆಗುತ್ತಿದೆ.

ನಿನ್ನ ತಂಗಿ,
ಬಸಿಲಿಸಾ

ಸೆಬು
ಜೂನ್ 30, 1964

ಬಸಿಲಿಸಾ,

ನಿನ್ನ ಕಾಗದ ಬಂತು. ಎರಡನೆಯ ಮಗುವಿನ ವಿಷಯ ಓದಿದೆ.

ಆ ಎಂಜಿನ್ ಬಿಟ್ಟುಬಿಡಿ. ಹದಿನೈದು ವರ್ಷ ಉಪ್ಪುಗಾಳಿ ಕುಡಿದ ಮ್ಯಾಗ್ನೆಟೊ ಏಳುವುದಿಲ್ಲ. ಎದ್ದರೂ ನಂಬುವ ಹಾಗಿಲ್ಲ. ಆಳದ ಕಡೆ ಒಯ್ದು ಕಡಲಿಗೆ ತಳ್ಳಲು ತೆಯೋದುಲೋಗೆ ಹೇಳು. ನಾನು ಇಲ್ಲಿ ಬೇರೆ ಸಣ್ಣದೊಂದು ಹುಡುಕುತ್ತೇನೆ. ನೀನು ಸೆಪ್ಟೆಂಬರಿಗೇ ಗಿವಾನ್‌ಗೆ ಹೋಗಿ ಇದ್ದುಬಿಡು.

ನನಗೆ ಬರಲಾಗುವುದಿಲ್ಲ. ವರ್ಕ್‌ಶಾಪಿನಲ್ಲಿ ಕೆಲಸ ಬಹಳ.

ಹಾಲಿನ ಡಬ್ಬಿ ಹನ್ನೆರಡು ಕಳಿಸಿದ್ದೇನೆ.

ಒನೊಫ್ರೆ

ಕಾಂಡುಲೋಮ್
ಜುಲೈ 17, 1964

ಅಣ್ಣಾ,

ಹಾಲಿನ ಡಬ್ಬಿ ಹನ್ನೊಂದು ಬಂದವು. ದಾರಿಯಲ್ಲಿ ಯಾರಿಗೋ ಹಸಿವಾಗಿರಬೇಕು, ಕುಡಿದುಕೊಳ್ಳಲಿ ಬಿಡು.

ಗಿವಾನಿಗೆ ಹೋಗಿ ಯಾರ ಮನೆಯಲ್ಲಿರಲಿ? ಅಲ್ಲಿ ನಮಗಿದ್ದವಳು ತೆಯೋದುಲೋನ ಸೋದರತ್ತೆ ಒಬ್ಬಳೇ, ಅವಳೂ ಹೋದ ವರ್ಷ ತೀರಿಕೊಂಡಳು. ಆಸ್ಪತ್ರೆಯಲ್ಲಿರುವುದು ಹತ್ತೇ ಮಂಚ. ಅಕ್ಟೋಬರ್ ಕೊನೆಗೆ ಬಾ, ಹಿಂದಿನ ಕೋಣೆಯಲ್ಲಿ ಜಾಗ ಮಾಡಿಕೊಡುತ್ತೇನೆ ಅಂದಿದ್ದಾರೆ ಡಾಕ್ಟರು. ಹೋಗುತ್ತೇನೆ. ಆದರೆ ನನ್ನ ಮಕ್ಕಳು ಯಾರೂ ತಾರೀಕು ನೋಡಿಕೊಂಡು ಬಂದವರಲ್ಲ.

ನೀನು ಹುಡುಕುವ ಎಂಜಿನ್ ಎಂದು ಸಿಗುತ್ತದೋ, ಎಂದು ಹಡಗು ಹತ್ತುತ್ತದೋ. ಇದು ಕಣ್ಣೆದುರಿಗೆ ಇದೆ. ಹೊಗೆ ಕೊಳವೆಯೊಳಗೆ ಕಣಜದ ಗೂಡಿತ್ತು, ಮಣ್ಣು ಕಲ್ಲಿನಂತಾಗಿತ್ತು. ಪಿಸ್ಟನ್ ನಾಲ್ಕೂ ಅಂಟಿಕೊಂಡಿದ್ದವು. ಅಪ್ಪ ಮಾಡುತ್ತಿದ್ದುದು ನೆನಪಿತ್ತು, ಸೀಮೆಎಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ಒಳಗೆ ಬಿಟ್ಟೆ. ಒಂಬತ್ತು ದಿನ ಬಿಟ್ಟೆವು. ಎಂಟನೆಯ ದಿನ ತೆಯೋದುಲೋಗೆ ತಾಳ್ಮೆ ತಪ್ಪಿ ಮರದ ಸುತ್ತಿಗೆ ಎತ್ತಿಕೊಂಡು ಬಂದ.

"ಒಂದೇ ಏಟು ಇಸಾಯ್, ಮೆತ್ತಗೆ."

"ನಿನ್ನ ಮೆತ್ತಗೆ ನಂಗೊತ್ತು. ಹೋದ ಸಲ ಮೆತ್ತಗೆ ಹೊಡೆದು ಗಡಿಯಾರ ಏನಾಯ್ತು?"

ಮರುದಿನ ಸುತ್ತಿಗೆಯಿಲ್ಲದೆ, ಹ್ಯಾಂಡಲ್ ಮೇಲೆ ಭಾರ ಬಿಟ್ಟ ಕೂಡಲೇ ಒಂದು ಕೂದಲೆಳೆಯಷ್ಟು ಕದಲಿತು. ಸಂಜೆಗೆ ಪೂರ್ತಿ ಸುತ್ತು ತಿರುಗಿತು. ತೆಯೋದುಲೋ ಕುಣಿದ. ನಾನು ಮನೆಯೊಳಗೆ ಹೋಗಿ ಕೂತೆ.

ಆದರೆ ಕಿಡಿ ಇಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಸತ್ತ ಮೀನಿನ ಕಣ್ಣಿನ ಹಾಗಿದೆ. ಮ್ಯಾಗ್ನೆಟೊ ಹೇಗೆ ಬಿಚ್ಚುವುದು? ಬಿಚ್ಚಿದರೆ ಹಾಳಾಗುತ್ತದೆಯೇ? ಹೇಳು. ನೀನು ಹೇಳದಿದ್ದರೂ ನಾವು ಬಿಚ್ಚುತ್ತೇವೆ, ಸುಮ್ಮನೆ ತಪ್ಪು ಮಾಡುತ್ತೇವೆ ಅಷ್ಟೇ.

ಬಸಿಲಿಸಾ

ಸೆಬು
ಆಗಸ್ಟ್ 4, 1964

ಬಸಿಲಿಸಾ,

ನೀನು ಹಟಮಾರಿ. ಸರಿ.

ಮೊದಲು ಮ್ಯಾಗ್ನೆಟೊ ಮತ್ತು ಎಂಜಿನ್ ಸೇರುವ ಜಾಗದಲ್ಲಿ ಎರಡಕ್ಕೂ ತಾಗುವಂತೆ ಉಳಿಯಿಂದ ಒಂದು ಗೀರು ಹಾಕಿ. ಮತ್ತೆ ಕೂರಿಸುವಾಗ ಗೀರಿಗೆ ಗೀರು ಕೂಡಬೇಕು. ಆಮೇಲೆ ಬಿಚ್ಚಿ. ಒಳಗಿನ ಆಯಸ್ಕಾಂತಕ್ಕೆ ಸುತ್ತಿಗೆ ತಾಗಿಸಬೇಡಿ, ಏಟು ಬಿದ್ದರೆ ಅದರ ಶಕ್ತಿ ಇಳಿಯುತ್ತದೆ. ಈ ಮಾತು ತೆಯೋದುಲೋಗೆ ಎರಡು ಸಲ ಓದಿ ಹೇಳು.

ಸುರುಳಿಯನ್ನು ಮೂರು ದಿನ ಬಿಸಿಲಿಗಿಡಿ, ಸಂಜೆ ಒಲೆಯ ಮೇಲಿನ ಅಟ್ಟದಲ್ಲಿಡಿ. ತೇವ ಪೂರ್ತಿ ಹೋಗಬೇಕು. ಒಳಗೆ ಎರಡು ಸಣ್ಣ ಲೋಹದ ತುಟಿಗಳಿವೆ, ಕೂಡಿ ಬಿಡುತ್ತವೆ. ಅವು ಬೇರೆಯಾಗುವ ಕ್ಷಣದಲ್ಲೇ ಕಿಡಿ ಹುಟ್ಟುವುದು. ಹಸಿರು ಕಿಲುಬು ಕಟ್ಟಿರುತ್ತದೆ. ಬೆಂಕಿಪೆಟ್ಟಿಗೆಯ ಒರಟು ಬದಿಯಿಂದ ತಿಕ್ಕಿ. ಪೂರ್ತಿ ಬಿಟ್ಟಾಗ ಅವುಗಳ ನಡುವೆ ಪೋಸ್ಟ್ ಕಾರ್ಡು ಬಿಗಿಯಾಗಿ ಹೋಗುವಷ್ಟು ಸಂದು ಸಾಕು. ಕಿಡಿಗೆ ಬಲ ಕೊಡುವ ಕಂಡೆನ್ಸರ್ ಹೊಸದೊಂದು ಇದರೊಟ್ಟಿಗೆ ಕಳಿಸಿದ್ದೇನೆ, ಹಳೆಯದು ಖಂಡಿತ ಸತ್ತಿರುತ್ತದೆ.

ಕೂರಿಸಿದ ಮೇಲೆ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದರೂ ಒಳಗಿನ ಸ್ಪ್ರಿಂಗ್ 'ಟಕ್' ಎಂದು ಬಿಡುತ್ತದೆ. ಆ ಟಕ್ ಎಂದಾಗಲೆಲ್ಲ ಕಿಡಿ. ಅಂದರೆ ಈ ಎಂಜಿನ್ ಹೊತ್ತಿಕೊಳ್ಳಲು ವೇಗ ಬೇಡ. ಕೈಯಿಂದ ಸುಮ್ಮನೆ ಒಂದಿಷ್ಟು ತಿರುಗಿಸಿದರೂ ಸಾಕು. ಅಪ್ಪನ ವಿಷಯ ನಿನಗೆ ಗೊತ್ತೇ ಇದೆ.

ತೆಯೋದುಲೋ ಯಾವ ಕಾರಣಕ್ಕೂ ಫ್ಲೈವೀಲಿಗೆ, ಆ ದೊಡ್ಡ ಗಾಲಿಗೆ, ಕೈ ಹಾಕಬಾರದು. ಸ್ವಿಚ್ಚು ಆಫ್ ಇದ್ದರೂ ಹಾಕಬಾರದು.

ಆರೋಗ್ಯ ನೋಡಿಕೋ.

ಒನೊಫ್ರೆ

ಕಾಂಡುಲೋಮ್
ಆಗಸ್ಟ್ 25, 1964

ಅಣ್ಣಾ,

ಕಿಡಿ ಬಂತು! ನೀಲಿ ಕಿಡಿ, ಇರುವೆಯಷ್ಟುದ್ದ. ತೆಯೋದುಲೋ ತಿರುಗಿಸಿದ, ನಾನು ಪ್ಲಗ್ ತಂತಿಯನ್ನು ಒಣ ಬಿದಿರಿನ ಚಿಮಟದಲ್ಲಿ ಹಿಡಿದು ಕಬ್ಬಿಣದ ಹತ್ತಿರ ಒಯ್ದೆ. ಟಕ್ ಎಂದಿತು, ಹಾರಿತು. ಬರುವ ವಾರ ಪೆಟ್ರೋಲ್ ತರುತ್ತಾನೆ. ದೋಣಿಯ ಹಿಂಬದಿಗೆ ಎಂಜಿನ್ ಕೂರಲು ಮರದ ಪೀಠ ಕಟ್ಟಿಯಾಗಿದೆ.

ಇಷ್ಟು ಒಳ್ಳೆಯ ಸುದ್ದಿ. ಇನ್ನು ಮುಂದಿನದನ್ನು ಬರೆಯಲು ಮೂರು ದಿನದಿಂದ ಕೂತು ಏಳುತ್ತಿದ್ದೇನೆ.

"ಸ್ವಿಚ್ಚು ಆಫ್ ಇದ್ದರೂ" ಅಂತ ಬರೆದೆಯಲ್ಲ, ಅದನ್ನು ಓದಿ ನಿನಗೆ ಗೊತ್ತಿರಬಹುದು ಅನಿಸಿತು. ಗೊತ್ತಿರಲಾರದು. ಆವತ್ತು ನೀನು ಮೇಲಿನ ತೋಟದಲ್ಲಿದ್ದೆ, ಬಿದಿರಿಗೆ ತಂತಿ ಸುತ್ತಿ ನೀನೇ ಮಾಡಿಕೊಂಡಿದ್ದ ಆ ರೇಡಿಯೋ ಕಿವಿಗೆ ಹಚ್ಚಿಕೊಂಡು. ಎಂಜಿನ್ ಹತ್ತಿರ ಇದ್ದವರು ಅಪ್ಪ, ನಾನು ಇಬ್ಬರೇ. ಅಪ್ಪ ಯಾವಾಗಲೂ ಮಾಡುವ ಹಾಗೆ ಒಳಗೆ ಒಂದಿಷ್ಟು ಪೆಟ್ರೋಲ್ ಬಿಟ್ಟ. ಅದು ಒಳಗೆಲ್ಲ ಹರಡಲಿ ಅಂತ ಕೈಯಿಂದ ಎರಡು ಸುತ್ತು ತಿರುಗಿಸಬೇಕಿತ್ತು. ನನ್ನ ಕಡೆ ನೋಡದೆ ಕೇಳಿದ:

"ಆಫ್ ಇದೆಯೇನೇ?"

ನಾನು ನೋಡಿದೆ. "ಆಫ್" ಅಂದೆ.

ಅಪ್ಪ ಕೈ ಹಾಕಿ ತಿರುಗಿಸಿದ. ಎಂಜಿನ್ ಒಂದೇ ಸಲ ಗುಡುಗಿ, ಗಾಲಿಗೆ ಹಾಕಿದ್ದ ಬೆಲ್ಟು ಅವನ ತೋಳನ್ನು ಎಳೆದುಕೊಂಡಿತು. ಪೇಟೆ ತಲುಪುವ ಮೊದಲೇ ದೋಣಿಯಲ್ಲಿ ತೀರಿಕೊಂಡ.

ಊರೆಲ್ಲ ಅಂದರು, ಅನ್ಸೆಲ್ಮೊ ಆಫ್ ಮಾಡೋದು ಮರೆತ, ಎಂಥ ಅಜಾಗರೂಕ ಮನುಷ್ಯ ಅಂತ. ಅಮ್ಮ ಸಾಯುವವರೆಗೂ ಅದನ್ನೇ ಹೇಳಿ ಅಪ್ಪನನ್ನು ಬೈದಳು. ನಾನು ಬಾಯಿ ಬಿಡಲಿಲ್ಲ. ಹದಿನಾಲ್ಕು ವರ್ಷದ ನಾನು ಸರಿಯಾಗಿ ನೋಡದೆ ಆಫ್ ಅಂದೆ, ಅಪ್ಪ ನನ್ನ ಮಾತು ನಂಬಿದ. ನನ್ನ ಎರಡು ಮಕ್ಕಳು ಹೋದಾಗಲೂ ಅದಕ್ಕೇ ಇದು ಅಂದುಕೊಂಡೆ. ಪಾದ್ರಿಗಳ ಹತ್ತಿರವೂ ಹೇಳಿಕೊಂಡಿಲ್ಲ.

ಮೊನ್ನೆ ತೆಯೋದುಲೋ ಸಹಜವಾಗಿ ಕೇಳಿದ, "ಆಫ್ ಇದೆಯೇನೇ?" ಅದೇ ಮಾತು. ಸ್ವಿಚ್ಚನ್ನು ಹತ್ತು ಸಲ ನೋಡಿದೆ. ಕಣ್ಣಿಗೆ ಆಫ್ ಎಂದೇ ಕಾಣುತ್ತದೆ. ಆವತ್ತೂ ಹಾಗೇ ಕಂಡಿತ್ತಲ್ಲ.

ನೀನು ಕೆಲಸ ಬಲ್ಲವನು. ಇದೊಂದನ್ನು ಹೇಳು ಅಣ್ಣಾ: ಆಫ್ ಎಂದರೆ ನಿಜವಾಗಿಯೂ ಆಫ್ ಎಂದು ತಿಳಿದುಕೊಳ್ಳುವುದು ಹೇಗೆ?

ಬಸಿಲಿಸಾ

ಟೆಲಿಗ್ರಾಂ
ಸೆಬುವಿನಿಂದ ಗಿವಾನ್ ಅಂಚೆ ಕಚೇರಿಗೆ, ಕಾಂಡುಲೋಮ್‌ಗೆ ತಲುಪಿಸುವುದು
ಸೆಪ್ಟೆಂಬರ್ 11, 1964

ಎಂಜಿನ್ ಮುಟ್ಟಬೇಡಿ. ಸ್ವಿಚ್ಚು ನಂಬಬೇಡಿ. ಪತ್ರ ಬರುತ್ತಿದೆ. ಒನೊಫ್ರೆ

ಸೆಬು
ಸೆಪ್ಟೆಂಬರ್ 11, 1964

ಇಸಾಯ್,

ನಿನ್ನ ಕಾಗದ ಬುಧವಾರ ಬಂತು. ಇವತ್ತು ಶುಕ್ರವಾರ. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಟೆಲಿಗ್ರಾಂ ಕೊಟ್ಟು ಬಂದು ನೇರ ಬರೆಯಲು ಕೂತಿದ್ದೇನೆ, ಯಾಕೆಂದರೆ ಮನೆಗೆ ಹೋದರೆ ಮತ್ತೆ ಬರೆಯುವುದಿಲ್ಲ.

ನೀನು ಸರಿಯಾಗಿಯೇ ನೋಡಿದ್ದೆ. ಸ್ವಿಚ್ಚು ಆಫ್ ಇತ್ತು.

ಆವತ್ತು ಬೆಳಗ್ಗೆ ನನ್ನ ರೇಡಿಯೋವನ್ನು ನೆಲಕ್ಕೆ ಕೂಡಿಸಲು ತಂತಿ ಸಾಲಲಿಲ್ಲ. ಎಂಜಿನ್ನಿನಿಂದ ಸ್ವಿಚ್ಚಿಗೆ ಹೋಗುವ ತಂತಿಯಲ್ಲಿ ಒಂದು ಗೇಣು ಕತ್ತರಿಸಿಕೊಂಡೆ. ತಂತಿ ತುಂಡಾದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ ಅಷ್ಟೇ, ಅಪ್ಪ ಬೈದರೆ ಬೈಯಲಿ, ಸಂಜೆ ತಿರುಗಿ ಕೂಡಿಸೋಣ ಎಂದುಕೊಂಡೆ. ದೀಪ, ರೇಡಿಯೋ, ಟೆಲಿಫೋನು, ಎಲ್ಲದರಲ್ಲೂ ತಂತಿ ಕಡಿದರೆ ಸಾಯುತ್ತದೆ. ಮ್ಯಾಗ್ನೆಟೊ ಹಾಗಲ್ಲ. ಅದು ತಿರುಗಿದರೆ ಕಿಡಿ ಹೊಡೆದೇ ಹೊಡೆಯುತ್ತದೆ. ಆಫ್ ಮಾಡಿದಾಗ ಆ ಕಿಡಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಇಳಿಸಿ ಸುಮ್ಮನಿರಿಸುವುದೇ ಸ್ವಿಚ್ಚಿನ ತಂತಿಯ ಕೆಲಸ. ತಂತಿ ಕಡಿದರೆ ಸ್ವಿಚ್ಚು ಆಫ್ ಇದ್ದರೂ ಆನ್ ಇದ್ದರೂ ಎಂಜಿನ್ ಜೀವಂತ. ಇದು ಹದಿನೇಳು ವರ್ಷದ ನನಗೆ ಗೊತ್ತಿರಲಿಲ್ಲ. ಇಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು ಮೇಸ್ತ್ರಿ ಕಲಿಸಿದ. ಆ ದಿನ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

ಆದರೆ ಆವತ್ತೇ ಒಳಗೊಳಗೆ ಗೊತ್ತಾಗಿತ್ತು. ನಿನ್ನ ಕಿರುಚಾಟ ಕೇಳಿ ಓಡಿ ಬಂದೆ. ಅಪ್ಪನನ್ನು ದೋಣಿಗೆ ಹೊರುತ್ತಿದ್ದರು. "ಬಾರೋ, ಹತ್ತೋ!" ಎಂದು ಅಮ್ಮ ಕೂಗಿದಳು. ನಾನು ಹತ್ತಲಿಲ್ಲ. ಎಂಜಿನ್ ಹತ್ತಿರ ಹೋಗಿ, ಯಾರೂ ನೋಡದಂತೆ ತಂತಿಯ ತುಂಡು ಮತ್ತೆ ಹೊಸೆದೆ. ನನ್ನ ರೇಡಿಯೋ ಸುರುಳಿಯ ಹಸಿರು ನೂಲಿನ ಹೊದಿಕೆಯ ತಂತಿ ಸುತ್ತಿ ಕಟ್ಟಿ, ಸ್ವಿಚ್ಚಿನ ಕೊಳವೆಯೊಳಗೆ ತುರುಕಿದೆ. ತಿರುಗಿ ನೋಡುವಷ್ಟರಲ್ಲಿ ದೋಣಿ ಹೊರಟುಹೋಗಿತ್ತು. ಗಾಳಿ ಇರಲಿಲ್ಲ. ಅಪ್ಪ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಎಷ್ಟೋ ಹೊತ್ತು ಇದ್ದ.

ಹೆದರಿ ದೋಣಿ ಹತ್ತಲಿಲ್ಲ ಎಂದು ನೀವೆಲ್ಲ ಅಂದುಕೊಂಡಿರಿ. ಹೆದರಿದ್ದು ನಿಜ.

ನೀನು ಹೀಗೆ ಹೊತ್ತುಕೊಂಡಿದ್ದೀಯ ಎಂದು ದೇವರಾಣೆ ನನಗೆ ತಿಳಿದಿರಲಿಲ್ಲ. ಆದರೆ ಅಪ್ಪನ ಮೇಲೆ ಹೊರಿಸಿದ್ದು ತಿಳಿದಿತ್ತು, ಸುಮ್ಮನಿದ್ದೆ.

ಈಗ ಕೇಳು. ಆ ಹೊಸೆತ ಇಷ್ಟು ಹೊತ್ತಿಗೆ ಕೊಳೆತಿರುತ್ತದೆ. ಹೊರಗಿನಿಂದ ತಂತಿ ಸರಿಯಾಗಿರುವ ಹಾಗೆ ಕಾಣುತ್ತದೆ. ತೆಯೋದುಲೋ ಕೈ ಹಾಕಿದರೆ ಅಪ್ಪನಿಗಾದದ್ದೇ ಆಗುತ್ತದೆ. ಪ್ಲಗ್‌ಗಳ ನಾಲ್ಕೂ ತಂತಿ ಕಿತ್ತು ಪಕ್ಕಕ್ಕಿಡದೆ ಯಾರೂ ಹತ್ತಿರ ಹೋಗಕೂಡದು. ನೀನು ಕೇಳಿದ್ದಕ್ಕೆ ಉತ್ತರ ಇದು: ಕಣ್ಣನ್ನು ನಂಬಬೇಡ. ಆಫ್ ಮಾಡಿ, ಕಿತ್ತ ತಂತಿಯನ್ನು ಚಿಮಟದಲ್ಲಿ ಹಿಡಿದು ಕಬ್ಬಿಣದ ಹತ್ತಿರ ಒಯ್ದು ತಿರುಗಿಸಿ ನೋಡಿ. ಟಕ್ ಎಂದರೂ ಕಿಡಿ ಬಾರದಿದ್ದರೆ ಅದು ಆಫ್.

ಈ ಕಾಗದ ನಿಮಗೆ ಸಮಯಕ್ಕೆ ಸಿಗಲಿ. ಸಿಗುತ್ತದೆಯೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ.

ಒನೊಫ್ರೆ

ಕಾಂಡುಲೋಮ್
ಸೆಪ್ಟೆಂಬರ್ 29, 1964

ಭಾವನವರಿಗೆ ತೆಯೋದುಲೋನ ನಮಸ್ಕಾರ.

ನಾನು ಕಾಗದ ಬರೆಯುವವನಲ್ಲ, ತಪ್ಪಿದ್ದರೆ ಕ್ಷಮಿಸಿ. ಬರೆಯುತ್ತಿರುವುದು ಇಸಾಯ್‌ಗೆ ಗೊತ್ತಿಲ್ಲ.

ನಿಮ್ಮ ಟೆಲಿಗ್ರಾಂ ನಮಗೆ ಸಿಕ್ಕಿದ್ದು ಹದಿನೇಳಕ್ಕೆ. ಒಣಮೀನು ಮಾರಲು ಹೋದವರು ತಂದುಕೊಟ್ಟರು. ನಡೆಯಬೇಕಾದದ್ದು ಎಂಟಕ್ಕೇ ನಡೆದುಹೋಗಿತ್ತು.

ಆವತ್ತು ಪೆಟ್ರೋಲ್ ಬಿಟ್ಟಿದ್ದೆ. ಕೈ ಹಾಕಿ ತಿರುಗಿಸಲು ಹೊರಟೆ. ನಿಮ್ಮ ಕಾಗದದಲ್ಲಿ ಕೈ ಹಾಕಬೇಡ ಎಂದಿದ್ದು ನೆನಪಿತ್ತು, ಆದರೆ ಹ್ಯಾಂಡಲ್ ಜಾರುತ್ತಿತ್ತು, ಎರಡೇ ಸುತ್ತಲ್ಲವೇ ಎಂದುಕೊಂಡೆ. "ಆಫಾ?" ಅಂದೆ. ಇವಳು ಮಾತಾಡಲಿಲ್ಲ. "ಏನೇ, ಬಾಯಿಗೆ ಗೆಣಸು ತುರುಕ್ಕೊಂಡಿದೀಯಾ?" ಅಂದೆ. ಹಾಗೆ ತಮಾಷೆ ಮಾಡಿದ್ದು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವಳು ನನ್ನನ್ನು ತಳ್ಳಿ, ನಾಲ್ಕೂ ಪ್ಲಗ್ಗಿನ ತಂತಿ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು, "ಈಗ ತಿರುಗಿಸು" ಅಂದಳು. ತಿರುಗಿಸಿದೆ. ಟಕ್ ಎಂದಿತು. ಇವಳು ಹಾವು ಕಚ್ಚಿದ ಹಾಗೆ ಕೂಗಿ ಹಿಂದಕ್ಕೆ ಬಿದ್ದಳು. ಸ್ವಿಚ್ಚು ಆಫ್‌ನಲ್ಲೇ ಇತ್ತು, ನಾನೇ ನೋಡಿದ್ದೆ.

ತಂತಿ ಅವಳ ಕೈಯಲ್ಲಿರದೆ ಪ್ಲಗ್ಗಿನಲ್ಲೇ ಇದ್ದಿದ್ದರೆ ನನ್ನ ತೋಳು ಇವತ್ತು ಇರುತ್ತಿರಲಿಲ್ಲ.

ಆವತ್ತು ಮಧ್ಯಾಹ್ನವೆಲ್ಲ ಮಗು ಹೊಟ್ಟೆಯಲ್ಲಿ ಮಿಸುಕಲಿಲ್ಲ. ಇಬ್ಬರೂ ಚಾಪೆಯ ಮೇಲೆ ಕೂತು ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಇದ್ದೆವು. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ, ಬಿರುಗಾಳಿಯಲ್ಲೂ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಒಂದು ಒದೆ ಕೊಟ್ಟಿತು. ನಾನು ಅತ್ತುಬಿಟ್ಟೆ.

ಮರುದಿನ ಅವಳು ಸ್ವಿಚ್ಚಿನ ಕೊಳವೆ ಸೀಳಿಸಿದಳು. ಒಳಗೆ ತಂತಿ ಬೂದಿಯಾಗಿತ್ತು. ಅದಕ್ಕೆ ಸುತ್ತಿದ ಹಸಿರು ನೂಲಿನ ತಂತಿ ಎಳೆದು ನೋಡಿ, "ಇದು ಅಣ್ಣನ ರೇಡಿಯೋದ್ದು" ಅಂದಳು. ಅಷ್ಟೇ ಅಂದಳು. ನಿಮ್ಮ ಕಾಗದ ಇಪ್ಪತ್ತಾರಕ್ಕೆ ಬಂತು. ಓದಿ ಮಡಿಸಿಟ್ಟಳು. ಅಡುಗೆ ಮಾಡುತ್ತಾಳೆ, ಉಣ್ಣುತ್ತಾಳೆ. ನಿನ್ನೆ ನಿಮ್ಮ ಅಪ್ಪನ ಸಮಾಧಿಯ ಹತ್ತಿರ ಹೋಗಿ ಕಳೆ ಕಿತ್ತು ಬಂದಳು.

ಭಾವ, ನಾನು ನಿಮಗೆ ಬೈಯಲು ಬರೆಯುತ್ತಿಲ್ಲ. ಬೈಗುಳ ಇಲ್ಲವೆಂದೂ ಅಲ್ಲ. ನಮಗೆ ಒಳ್ಳೆಯ ತಂತಿ ಬೇಕು, ಸ್ವಿಚ್ಚು ಬೇಕು. ಬೇಗ ಕಳಿಸಿ. ಅವಳಿಗೆ ಎಂಟನೆಯ ತಿಂಗಳು ನಡೆಯುತ್ತಿದೆ, ಈಶಾನ್ಯದ ಗಾಳಿ ಆಗಲೇ ಮೂಗು ತೋರಿಸಿದೆ.

ತೆಯೋದುಲೋ

ಸೆಬು
ಅಕ್ಟೋಬರ್ 7, 1964

ತೆಯೋದುಲೋ, ಬಸಿಲಿಸಾ,

ರಬ್ಬರ್ ಹೊದಿಕೆಯ ತಂತಿ ಎರಡು ಗಜ, ಹೊಸ ಸ್ವಿಚ್ಚು ಎರಡು. ಒಂದು ಕೆಟ್ಟರೆ ಇನ್ನೊಂದು. ತಂತಿಯಲ್ಲಿ ನಡುವೆ ಜೋಡಣೆ ಬೇಡ, ಒಂದೇ ಎಳೆಯಾಗಿ ಹಾಕಿ. ಈ ಪೊಟ್ಟಣವನ್ನು ಗಿವಾನಿನವರೆಗೆ ಹಡಗಿನ ಅಡುಗೆಯವನ ಕೈಯಲ್ಲೇ ಕೊಟ್ಟಿದ್ದೇನೆ, ಅಂಚೆಗೆ ಹಾಕಲಿಲ್ಲ.

ಮ್ಯಾಗ್ನೆಟೊಗೆ ನೀರು ಹಾರಿದರೆ ಒಂದೊಂದೇ ಸಿಲಿಂಡರ್ ಸಾಯುತ್ತದೆ. ಮೇಣದ ಬಟ್ಟೆ ಹೊದಿಸಿ.

ತೆಯೋದುಲೋ, ನಿನ್ನ ತೋಳು ಉಳಿಯಿತಲ್ಲ. ಬೇರೆ ಬರೆಯಲು ನನಗೆ ಯೋಗ್ಯತೆ ಇಲ್ಲ.

ಒನೊಫ್ರೆ

ಆಸ್ಪತ್ರೆ, ಗಿವಾನ್
ಅಕ್ಟೋಬರ್ 23, 1964

ಒನೊಫ್ರೆ,

ನಿನ್ನ ಪೊಟ್ಟಣ ಹದಿನಾರಕ್ಕೆ ಬಂತು. ಹದಿನೇಳಕ್ಕೆ ತಂತಿ ಹಾಕಿದೆವು. ಚಿಮಟದಲ್ಲಿ ಹಿಡಿದು ನೋಡಿದೆವು, ಇಪ್ಪತ್ತು ಸಲ. ಟಕ್ ಎಂದಿತು, ಕಿಡಿ ಬರಲಿಲ್ಲ. ಆಮೇಲೆ ಆನ್ ಮಾಡಿ ಹ್ಯಾಂಡಲ್ ಹಾಕಿದ, ನಾಲ್ಕನೆಯ ಸಲಕ್ಕೆ ಎದ್ದಿತು. ಊರಿನ ನಾಯಿಗಳೆಲ್ಲ ಓಡಿಹೋದವು. ಮರುದಿನ ಎತ್ತಿ ದೋಣಿಯ ಪೀಠಕ್ಕೆ ಕೂರಿಸಿ, ನೀರಿನಡಿಯ ಫ್ಯಾನಿಗೆ ಕೂಡಿಸಿದೆವು.

ಇಪ್ಪತ್ತೆರಡಕ್ಕೆ ಪೇಟೆಗೆ ಹೊರಡುವುದೆಂದು ಗಂಟು ಕಟ್ಟಿಟ್ಟಿದ್ದೆ. ಇಪ್ಪತ್ತರ ಬೆಳಗ್ಗೆ ಒಲೆ ಹಚ್ಚುತ್ತಿದ್ದಾಗ ನೀರು ಒಡೆಯಿತು. ಈಶಾನ್ಯದ ಗಾಳಿ ಎದುರಿಗೇ ಬೀಸುತ್ತಿತ್ತು, ಹಾಯಿ ದೋಣಿಯಾಗಿದ್ದರೆ ಬಂದರಿನಿಂದಲೇ ಹೊರಬೀಳುತ್ತಿರಲಿಲ್ಲ. ತೆಯೋದುಲೋ ಚುಕ್ಕಾಣಿ ಹಿಡಿದ. ನಾನು ಎಂಜಿನ್ ಪಕ್ಕ ಚಾಪೆ ಹಾಸಿಕೊಂಡು ಕೂತೆ. ಪ್ರತಿ ಅಲೆಗೂ ನೀರು ಒಳಗೆ ಹಾರುತ್ತಿತ್ತು. ಮೇಣದ ಬಟ್ಟೆಯ ಮೇಲೆ ನಾನೇ ಕವುಚಿ ಬಿದ್ದಿದ್ದೆ. ಒಂದು ಸಿಲಿಂಡರ್ ಸತ್ತಿತು, ಸದ್ದಿನಲ್ಲೇ ತಿಳಿಯಿತು. ಮೂರರಲ್ಲೇ ಸಾಗಿದೆವು. ನೋವು ಬಂದಾಗಲೆಲ್ಲ ಈ ಸದ್ದು ನಿಲ್ಲಬಾರದು, ನಿಲ್ಲಬಾರದು ಎಂದು ಮಾತ್ರ ಅಂದುಕೊಳ್ಳುತ್ತಿದ್ದೆ.

ಅರ್ಧ ದಾರಿಯಲ್ಲಿ ನಿಂತಿತು.

ಯಾರದೋ ಹರಿದ ಬಲೆ ತೇಲಿ ಬಂದು ನೀರಿನಡಿಯ ಫ್ಯಾನಿಗೆ ಸುತ್ತಿಕೊಂಡಿತ್ತು. ದೋಣಿ ಅಲೆಗೆ ಅಡ್ಡಲಾಗಿ ತಿರುಗಿತು. ತೆಯೋದುಲೋ ಸ್ವಿಚ್ಚು ಆಫ್ ಮಾಡಿ, ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿಯ ಹಿಂಬದಿಯಿಂದ ಕಾಲು ಇಳಿಬಿಟ್ಟ. ನಿನಗೆ ಹೇಳಬೇಕಿಲ್ಲ: ಆ ಫ್ಯಾನು ನೇರ ಎಂಜಿನ್ನಿಗೇ ಕೂಡಿದೆ. ಅವನು ಬಲೆ ಎಳೆದಾಗ ಫ್ಯಾನು ತಿರುಗುತ್ತದೆ, ಫ್ಯಾನು ತಿರುಗಿದರೆ ಎಂಜಿನ್ ತಿರುಗುತ್ತದೆ, ಎಂಜಿನ್ ತಿರುಗಿದರೆ ಟಕ್. ಬಿಸಿ ಎಂಜಿನ್, ಒಳಗೆ ಪೆಟ್ರೋಲ್. ಅವನ ಮುಖ ಆ ಫ್ಯಾನಿನ ಎದುರಿಗೆ ಇರುತ್ತದೆ.

ನಾಲ್ಕೂ ತಂತಿ ಕಿತ್ತೆ. ಬೆರಳು ಸುಟ್ಟಿತು. ಚಿಮಟ ಯಾವಾಗಲೋ ಕಡಲು ಪಾಲಾಗಿತ್ತು. ಒದ್ದೆ ಕೈಯಲ್ಲೇ ಎಲ್ಲವನ್ನೂ ಸೇರಿಸಿ ಹಿಡಿದೆ. ಸ್ವಿಚ್ಚು ಸುಳ್ಳು ಹೇಳಿದರೆ ಮೊದಲು ನನಗೆ ಗೊತ್ತಾಗಲಿ ಅಂತ.

"ಇಸಾಯ್, ಆಫಾ?"

"ಒಂದ್ ಸಲ ಅಲ್ಲಿಂದ್ಲೇ ಫ್ಯಾನ್ ತಿರುಗ್ಸು, ಕಾಲಲ್ಲಿ!"

ತಿರುಗಿಸಿದ. ಟಕ್ ಎಂದಿತು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನಾನು ಕಣ್ಣು ಮುಚ್ಚಿ ಕಾದೆ. ಕೈಗೆ ಏನೂ ಹೊಡೆಯಲಿಲ್ಲ.

"ಆಫ್!" ಅಂದೆ. ಎಷ್ಟು ಜೋರಾಗಿ ಕೂಗಿದೆನೆಂದರೆ ಗಂಟಲು ಹರಿದುಹೋಯಿತು. "ಆಫ್ ಇದೆ, ಇಳಿ!"

ಅವನು ಇಳಿದ. ಎಷ್ಟು ಹೊತ್ತೋ ತಿಳಿಯದು. ಅವನು ಎಳೆದಾಗಲೆಲ್ಲ ನನ್ನ ಪಕ್ಕದಲ್ಲಿ ಟಕ್, ಟಕ್. ಬಲೆಯ ಗಂಟು ಹಿಡಿದುಕೊಂಡು ಅವನ ತಲೆ ಮೇಲೆ ಬಂದಾಗ ನಾನು ಅವನ ಕೂದಲು ಹಿಡಿದು ಎಳೆದುಕೊಂಡೆ. ತಂತಿ ಮತ್ತೆ ಸಿಕ್ಕಿಸಿದೆ, ಅವನು ಹ್ಯಾಂಡಲ್ ಹಾಕಿದ, ಎದ್ದಿತು.

ಚರ್ಚಿನ ಗೋಪುರ ಕಂಡಾಗ ಮಗು ಇನ್ನೂ ನನ್ನೊಳಗೇ ಇತ್ತು. ಡಾಕ್ಟರು ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ಒಂದು ಹುಂಜದಷ್ಟು ತೂಕವೂ ಇಲ್ಲ. ಬಿಸಿನೀರಿನ ಸೀಸೆಗಳ ನಡುವೆ ಮಲಗಿಸಿದ್ದಾರೆ. ಉಸಿರಾಡುತ್ತಿದ್ದಾಳೆ. ಬರೆಯುವಾಗಲೂ ಪ್ರತಿ ಸಾಲಿಗೊಮ್ಮೆ ತಲೆಯೆತ್ತಿ ಅವಳ ಎದೆ ನೋಡುತ್ತಿದ್ದೇನೆ. ಮೂರು ದಿನ ದಾಟಿದೆ, ಮುಂದಿನದು ಹೇಳಲಾಗದು ಅನ್ನುತ್ತಾರೆ ಡಾಕ್ಟರು. ನನಗಿನ್ನೂ ಹೆದರಿಕೆ ಹೋಗಿಲ್ಲ. ಹೋಗುವುದೂ ಇಲ್ಲ ಅನಿಸುತ್ತದೆ.

ಈಗ ನಿನ್ನ ವಿಷಯ.

ಹದಿನೈದು ವರ್ಷ ನನ್ನಲ್ಲಿದ್ದ ಒಂದು ಕಲ್ಲನ್ನು ನಿನ್ನ ಕಾಗದ ತೆಗೆಯಿತು. ತೆಗೆದ ಜಾಗದಲ್ಲಿ ಏನಿದೆ ಎಂದು ನನಗಿನ್ನೂ ತಿಳಿಯದು. ಕೆಲವು ಹೊತ್ತು, ಪಾಪ, ಹುಡುಗ, ಗೊತ್ತಿರಲಿಲ್ಲ ಎನಿಸುತ್ತದೆ. ಕೆಲವು ಹೊತ್ತು, ದೋಣಿಯಲ್ಲಿ ಅಪ್ಪ ನಿನ್ನ ಹೆಸರು ಹಿಡಿದು "ಎಲ್ಲಿ ಅವ್ನು?" ಎಂದು ಕೇಳಿದ್ದು ನೆನಪಾಗಿ, ಈ ಕಾಗದ ಹರಿದುಹಾಕೋಣ ಎನಿಸುತ್ತದೆ. ಕ್ಷಮೆ ಎಂಬ ಮಾತನ್ನು ನೀನು ಕೇಳಲಿಲ್ಲ, ಒಳ್ಳೆಯದಾಯಿತು. ನನ್ನ ಹತ್ತಿರ ಸದ್ಯಕ್ಕೆ ಇಲ್ಲ.

ಆದರೆ ಅಪ್ಪನಿಗೆ ಸಲ್ಲಬೇಕಾದದ್ದು ಬೇರೆ. ಊರಲ್ಲಿ ಇವತ್ತಿಗೂ ಯಾರಾದರೂ ಬೆಂಕಿ ಆರಿಸದೆ ಎದ್ದುಹೋದರೆ "ಅನ್ಸೆಲ್ಮೊ ಥರ ಮಾಡ್ಬೇಡ" ಅನ್ನುತ್ತಾರೆ. ಅಪ್ಪ ಮರೆತಿರಲಿಲ್ಲ. ಆಫ್ ಮಾಡಿದ್ದ, ಮಾಡಿದ ಮೇಲೂ ಕೇಳಿ ಖಚಿತ ಮಾಡಿಕೊಂಡಿದ್ದ. ಅವನಷ್ಟು ಜಾಗರೂಕ ಮನುಷ್ಯ ಆ ದ್ವೀಪದಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ನಾನು ಹೇಳಿದರೆ ಮಗಳು ಅಪ್ಪನ ಪರ ಹೇಳುತ್ತಾಳೆ ಅಂದುಕೊಳ್ಳುತ್ತಾರೆ. ನೀನು ಹೇಳಬೇಕು.

ನವೆಂಬರ್ ಒಂದಕ್ಕೆ ಊರೆಲ್ಲ ಸಮಾಧಿಗಳ ಹತ್ತಿರ ಸೇರುತ್ತದೆ, ಮೇಣದಬತ್ತಿ ಹಚ್ಚಿ ಅಲ್ಲೇ ಕೂತು ಉಣ್ಣುತ್ತದೆ. ಯಾರೂ ತಪ್ಪಿಸುವುದಿಲ್ಲ. ಆವತ್ತು ಬೆಳಗ್ಗೆ ಎಲ್ಲರೆದುರು ಎದ್ದು ನಿಂತು, ನೀನು ನನಗೆ ಬರೆದದ್ದನ್ನು ನಿನ್ನ ಬಾಯಿಂದ ಹೇಳು. ನಾನು ಇಲ್ಲಿ ಮಗುವಿನ ಹತ್ತಿರ ಇರುತ್ತೇನೆ, ನಿನ್ನ ಕೈ ಹಿಡಿಯಲು ಅಲ್ಲಿ ಇರುವುದಿಲ್ಲ.

ಈ ಕಾಗದ ಅಂಚೆಗೆ ಹಾಕುತ್ತಿಲ್ಲ, ಇವತ್ತು ಸೆಬುವಿಗೆ ಹೊರಡುವ ಹಡಗಿನವರ ಕೈಯಲ್ಲೇ ಕೊಡುತ್ತೇನೆ, ಸಮಯಕ್ಕೆ ಸಿಗುತ್ತದೆ. ಮೂವತ್ತೊಂದರ ಬೆಳಗ್ಗೆ ಎಂಟಕ್ಕೆ ತೆಯೋದುಲೋ ಗಿವಾನ್ ಕಟ್ಟೆಯಲ್ಲಿ ದೋಣಿ ಇಟ್ಟುಕೊಂಡು ಕಾಯುತ್ತಾನೆ. ಅದೇ ಎಂಜಿನ್ನಿನ ದೋಣಿ. ಒಂಬತ್ತಾದರೆ ಹೊರಟುಬಿಡುತ್ತಾನೆ.

ನಿನಗೆ ಹೆದರಿಕೆ ಆಗುತ್ತದೆ, ನನಗೆ ಗೊತ್ತು. ಹೆದರಿಕೊಂಡೇ ಬಾ.

ಬಸಿಲಿಸಾ